ಎದುರಾಳಿಯ ತರಗತಿ

ಮಾದಕ ವ್ಯಸನ ತಡೆಗೆ ದುಡಿಯುವ ನಮ್ಮ ಸಂಸ್ಥೆ ಕೀಲ್ಪಾಕ್‌ನಲ್ಲಿತ್ತು, ನಮ್ಮ ಎದುರಾಳಿ ಸಂಸ್ಥೆ ಅದೇ ಊರಿನ ನುಂಗಂಬಾಕ್ಕಂನಲ್ಲಿ. ಗಿಂಡಿಯ ಕಂಪನಿಯೊಂದು ಒಬ್ಬರಿಗೆ ಮಾತ್ರ ಅನುದಾನ ಕೊಡುವುದೆಂದು ಹೇಳಿ, ಒಂದೇ ಶಾಲೆಯಲ್ಲಿ ಇಬ್ಬರಿಂದಲೂ ಪಾಠ ಮಾಡಿಸಿತು. ನಾನು ಹಾಳಾದ ಶ್ವಾಸಕೋಶದ ಚಿತ್ರಗಳನ್ನು ತೋರಿಸಿದೆ. ಮಕ್ಕಳು ಆಕಳಿಸಿದರು. ಎದುರಾಳಿ ಸಂಸ್ಥೆಯ ಮೇಡಂ, ಉಡುಪಿ ಕಡೆಯವರು, ಗೆಳೆಯರಿಗೆ ‘ಬೇಡ’ ಅನ್ನುವುದು ಹೇಗೆಂದು ಮಕ್ಕಳಿಂದಲೇ ನಾಟಕ ಆಡಿಸಿದರು. ತರಗತಿಯೆಲ್ಲ ಗಲಗಲ ಎಂದಿತು.

ಅನುದಾನ ಅವರಿಗೇ ಹೋಯಿತು. ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿ ಫೋನ್ ಮಾಡಿದೆ.

“ಮೇಡಂ, ಆ ನಾಟಕ ನನಗೂ ಕಲಿಸ್ತೀರಾ?”

“ಬನ್ನಿ ಮಾರಾಯ್ರೆ. ನಿಮ್ಮ ಆಫೀಸಲ್ಲಿ ಹೇಳ್ಬೇಡಿ, ನಾನೂ ಹೇಳುದಿಲ್ಲ.”

ಶನಿವಾರ ಅವರ ತರಗತಿಯಲ್ಲಿ ಗಾಂಜಾ ಕೊಡುವ ಗೆಳೆಯನ ಪಾತ್ರ ನನಗೆ ಸಿಕ್ಕಿತು. ಎಷ್ಟು ಪುಸಲಾಯಿಸಿದರೂ ಹುಡುಗಿಯೊಬ್ಬಳು ತಮಿಳಿನಲ್ಲಿ “ವೇಂಡಾಂ ಸಾರ್”, ಬೇಡ ಸಾರ್, ಎಂದು ನನ್ನನ್ನು ಸೋಲಿಸಿದಳು.