ಕೆಂಪು ವೈನಿಗೆ ಮಹಾನಂದಾಳ ಎಣಗಾಯಿ

ಶಂಕ್ರೆಪ್ಪ ಹೆಂಡ ಮುಟ್ಟಿದವನಲ್ಲ, ಮಾಂಸ ಕಂಡರೆ ಮುಖ ತಿರುಗಿಸುವ ಲಿಂಗಾಯತರ ಮನೆಯವನು. ಆದರೆ ಜಹೀರಾಬಾದಿನ ಹೆದ್ದಾರಿ ಬದಿಯ ಆ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕೆಂಪು ವೈನಿನ ಜೊತೆ ಏನು ತಿನ್ನಬೇಕೆಂದು ಕೇಳುವುದಿದ್ದರೆ ಅವನನ್ನೇ ಕೇಳಬೇಕು. ಹೊಟ್ಟೆಪಾಡು ಮನುಷ್ಯನಿಗೆ ಏನೇನು ಕಲಿಸುತ್ತದೋ!

ಅಲ್ಲಿ ಗಿರಾಕಿಗಳಿಗೆ ಬಡಿಸುವ ಅವನು ಕಲಿತದ್ದು ಮೂಗಿನಿಂದ ಮತ್ತು ಎಂಜಲು ತಟ್ಟೆಗಳಿಂದ. ಎರಡು ಮೂರು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ ಆ ವೈನಿನ ಮುಂದೆ ಮೀನು ಇಟ್ಟರೆ ಎರಡೂ ಉಳಿಯುತ್ತಿದ್ದವು. ಮಟನ್ ಕಬಾಬ್ ಇಟ್ಟರೆ ಬಾಟಲಿ ಖಾಲಿ. ಮಾಂಸ ತಿನ್ನದವರಿಗೆ ಪನೀರ್ ಕೊಟ್ಟರೆ ಅರ್ಧ ಬಾಟಲಿ ಹಾಗೇ ವಾಪಸು. ಒಂದು ದಿನ ಅಂಥ ಗಿರಾಕಿಯೊಬ್ಬನಿಗೆ ತನ್ನ ಬುತ್ತಿಯಿಂದ ಎರಡು ಎಣಗಾಯಿ ತೆಗೆದುಕೊಟ್ಟ. ಶೇಂಗಾ, ಎಳ್ಳು ತುಂಬಿದ ಎಳೆ ಬದನೆಕಾಯಿ, ಹೆಂಡತಿ ಮಹಾನಂದಾಳ ಕೈಯದು. ಗಿರಾಕಿ ಬಾಟಲಿ ಮುಗಿಸಿ ಇನ್ನೊಂದು ಕೇಳಿದ. ಮಾಲೀಕ ಭೀಮಶಾ ಮರುದಿನವೇ ಅದನ್ನು ಮೆನುವಿಗೆ ಹಾಕಿಬಿಟ್ಟ.

ಅಲ್ಲಿಗೆ ಬೆಳೆಯಿತು ಸುಳ್ಳು. ತಾನು ಕೆಲಸ ಮಾಡುವುದು ಶುದ್ಧ ಶಾಕಾಹಾರಿ ಖಾನಾವಳಿಯಲ್ಲಿ ಎಂದು ಮೊದಲೇ ಮನೆಯಲ್ಲಿ ನಂಬಿಸಿದ್ದ. ಈಗ, ದಿನಾ ನಲವತ್ತು ಎಣಗಾಯಿ ಬೇಕಂತೆ ಎಂದ. ನಾರಾಯಣಖೇಡದ ಮನೆಯಲ್ಲಿ ಮಹಾನಂದಾ ಬೆಳಗಿನ ಜಾವಕ್ಕೇ ಎದ್ದು ಮಿಂದು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿ, ಆಮೇಲೆ ಒಲೆ ಹಚ್ಚುವಳು. ನಾಲ್ಕು ಮಂದಿ ಉಣ್ಣುವ ಅನ್ನ ಎಂದು ಮೊದಲು ಲಿಂಗಕ್ಕೆ ಎಡೆ ತೋರಿಸಿ, ನಂತರವೇ ಡಬ್ಬಿಗೆ ತುಂಬುವಳು. ಎಡೆಗೆ ಮುಂಚೆ ನಾಲಿಗೆಗೆ ಇಡುವ ಪದ್ಧತಿ ಅವಳಲ್ಲಿಲ್ಲ. ಆ ಡಬ್ಬಿ ಹಿಡಿದು ಬಸ್ಸು ಹತ್ತುವಾಗ ಶಂಕ್ರೆಪ್ಪನಿಗೆ ದಿನಾ ನಾಚಿಕೆಯಾಗುತ್ತಿತ್ತು. ದೇವರ ಪ್ರಸಾದವನ್ನು ಕುಡುಕರ ಮುಂದೆ ಇಡುವವನು ತಾನು. ಅವಳಿಗೆ ಗೊತ್ತಾದರೆ ಜೀವಮಾನದಲ್ಲಿ ತನ್ನನ್ನು ನಂಬಳು ಎಂದು ಅವನಿಗೆ ಖಾತ್ರಿಯಿತ್ತು.

ಗೊತ್ತಾದದ್ದು ಒಂದು ಗುರುವಾರ. ಗಂಡ ಹೋದ ಮೇಲೆ ಮಹಾನಂದಾ ಉಳಿದ ಎಣಗಾಯಿಗೆ ರೊಟ್ಟಿ ಹಚ್ಚಿಕೊಂಡು ತುತ್ತು ಬಾಯಿಗಿಟ್ಟಳು. ಉಪ್ಪೋ ಉಪ್ಪು. ಎರಡು ಸಲ ಹಾಕಿದ್ದಳು. ಫೋನು ಮಾಡಿದರೆ ಅವನು ಎತ್ತಲಿಲ್ಲ, ಕೆಲಸದ ಹೊತ್ತಿನಲ್ಲಿ ಎತ್ತುವವನೂ ಅಲ್ಲ. ಇನ್ನೊಬ್ಬಳಾಗಿದ್ದರೆ ಹೋಗಲಿ ಎನ್ನುತ್ತಿದ್ದಳು. ಇವಳು ಶೇಂಗಾ ಅರೆದು, ಉಪ್ಪಿಲ್ಲದ ಮಸಾಲೆ ಕುದಿಸಿ, ಹಿಡಿಕೆಯ ಪಾತ್ರೆ ಉಗ್ಗದಲ್ಲಿ ತುಂಬಿಕೊಂಡು ಜಹೀರಾಬಾದಿನ ಬಸ್ಸು ಹತ್ತಿದಳು.

ಭೀಮಶಾನ ಖಾನಾವಳಿ ಎಂದು ಕೇಳುತ್ತ ಬಂದವಳನ್ನು ಯಾರೋ ಹಿತ್ತಲ ಬಾಗಿಲಿಗೆ ಕಳಿಸಿದರು. ಅಡುಗೆಮನೆ ದಾಟಿ ಒಳಬಾಗಿಲ ಪರದೆಯ ಹತ್ತಿರ ನಿಂತಳು. ಒಳಗೆ ಹೈದರಾಬಾದಿನ ಗಂಡಹೆಂಡತಿಯ ಗ್ಲಾಸಿಗೆ ಶಂಕ್ರೆಪ್ಪ ಕೆಂಪು ವೈನ್ ಸುರಿಯುತ್ತಿದ್ದ. ಪಕ್ಕದಲ್ಲೇ ಎಣಗಾಯಿ. ಉಪ್ಪು ತುಸು ಮುಂದಾಗಿದೆ ಎಂದಳು ಆ ಹೆಣ್ಣುಮಗಳು. ಶಂಕ್ರೆಪ್ಪ ಸೋಲಲಿಲ್ಲ. ಈ ವೈನಿನ ಒಗರಿಗೆ ಅಷ್ಟು ಉಪ್ಪು ಬೇಕೇ ಬೇಕು ಮೇಡಂ, ಎಂದು ಹಿಂದಿಯಲ್ಲಿ ಶುರುಮಾಡಿದ. ಎಳ್ಳನ್ನು ಹೇಗೆ ಸಣ್ಣ ಉರಿಯಲ್ಲಿ ಹುರಿಯುತ್ತಾರೆ, ಬದನೆಕಾಯಿ ಹೇಗೆ ಒಡೆಯದೆ ಬೇಯುತ್ತದೆ, ಇಂಥ ಕೈ ತಾಂಡೂರಿನಿಂದ ಬೀದರಿನವರೆಗೆ ಹುಡುಕಿದರೂ ಇನ್ನೊಂದಿಲ್ಲ, ಇದನ್ನು ಉಂಡ ದಿನ ಮನಸ್ಸು ತಂಪಾಗಿರುತ್ತದೆ, ಎಂದೆಲ್ಲ ಹೇಳಿದ. ಹೇಳಿ ತಿರುಗಿದರೆ ಪರದೆಯ ಹತ್ತಿರ ಮಹಾನಂದಾ. ಅವನ ಮುಖ ಹುಳ್ಳಗಾಯಿತು.

ಅವಳು ಉಗ್ಗವನ್ನು ಅಡುಗೆಯವನ ಕೈಗೆ ಕೊಟ್ಟು, "ಉಪ್ಪು ಜಾಸ್ತಿ ಆಗ್ಯಾದ, ಇದು ಕಲಸ್ರಿ" ಎಂದು ಹೇಳಿ ಹೊರಗೆ ನಡೆದಳು. ಶಂಕ್ರೆಪ್ಪ ಹಿಂದೆಯೇ ಓಡಿದ.

ಬಸ್ ಸ್ಟಾಪಿನಲ್ಲಿ ಅವಳ ಪಕ್ಕ ನಿಂತು, ತಲೆ ಎತ್ತದೆ, "ತಪ್ಪಾತು ಮಹಾನಂದಾ. ಲಿಂಗಕ್ಕ ತೋರಿಸಿದ್ದು ಶೆರೆ ಮುಂದ ಇಟ್ಟೆ. ನಿನಗ ಸುಳ್ಳು ಹೇಳ್ದೆ" ಎಂದ.

"ಆ ಪಾಪಕ್ಕ ಲಿಂಗಪ್ಪ ಏನ್ ಕೊಡ್ತಾನೋ ಅದು ನೀವು ತಗೋರಿ" ಎಂದಳು ಅವಳು. ರಸ್ತೆಯ ಕಡೆಗೇ ನೋಡುತ್ತಿದ್ದಳು. "ನನಗ ಬ್ಯಾರೆ ಸಂಕಟ ಅದ. ಇಪ್ಪತ್ತೆರಡು ವರ್ಷ ನನ್ನ ಕೈದು ಉಂಡೀರಿ. ಎಳ್ಳು ನಾ ಹ್ಯಾಂಗ ಹುರೀತೀನಿ ಅಂತ ನಿಮಗ ಗೊತ್ತದ ಅಂಬೋದೇ ನನಗ ಇವತ್ತಿನತನ ಗೊತ್ತಿರಲಿಲ್ಲ. ಕುಡಿಯೋರ ಮುಂದ ಅಷ್ಟು ಚಂದ ಹೇಳಾಕ ಬರ್ತದ. ನನ್ನ ಮುಂದ ಒಂದಿನಾರ ಅಂದೀರೇನು?"

ಆರು ತಿಂಗಳು ಹೊತ್ತ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನಿಸಿತು ಶಂಕ್ರೆಪ್ಪನಿಗೆ. ಈಗಲಾದರೂ ಹೇಳೋಣವೆಂದು ಬಾಯಿ ತೆರೆದ. ಹೇಳಬೇಕಾದ ಮಾತನ್ನೆಲ್ಲ ದಿನಾ ಗಿರಾಕಿಗಳಿಗೆ ಹೇಳಿ ಹೇಳಿ ಸವೆಸಿಬಿಟ್ಟಿದ್ದ. ಅದೇ ಮಾತು ಇವಳಿಗೆ ಹೇಳಿದರೆ ಎಂಜಲು ಬಡಿಸಿದಂತೆ. ನಾರಾಯಣಖೇಡದ ಬಸ್ಸು ಬಂತು, ಮಹಾನಂದಾ ಹತ್ತಿ ಕುಳಿತಳು. ಅವನು ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದ.