ಕಿಂಡಿಯಲ್ಲಿ ಕಂಡ ಬೋರ್ಡಕ್ಕ

ಮಕ್ಕಳೇ, ನಮ್ಮೂರ ಕ್ರೀಡಾಂಗಣವನ್ನು ನೀವು ನೋಡಲೇಬೇಕು! ನಿಮ್ಮ ಮುತ್ತಜ್ಜನಿಗಿಂತ ಹಳೆಯದು. ಕೂತವರು ಕೂತೂ ಕೂತೂ ಕಲ್ಲಿನ ಮೆಟ್ಟಿಲುಗಳೇ ಸವೆದು ನುಣ್ಣಗಾಗಿವೆ. ಎತ್ತರದ ಗೋಡೆಯ ಮೇಲೆ ಮನೆಯಷ್ಟು ದೊಡ್ಡ ಮರದ ಸ್ಕೋರ್‌ಬೋರ್ಡ್. ಅದಕ್ಕೆ ಕರೆಂಟಿಲ್ಲ, ಒತ್ತುವ ಗುಂಡಿಯೂ ಇಲ್ಲ. ಅದರೊಳಗೆ ನಮ್ಮಕ್ಕ ಇದ್ದಾಳೆ!

ಊರೆಲ್ಲ ಅವಳನ್ನು ಬೋರ್ಡಕ್ಕ ಅಂತಲೇ ಕರೆಯುವುದು. ಬೋರ್ಡಿನಲ್ಲಿ ಎರಡು ಕಿಂಡಿ, ತಂಡಕ್ಕೊಂದು. ಗೋಲಾದ ಕೂಡಲೇ ಹಿಂದಿನಿಂದ ಹಳೆಯ ಅಂಕಿಯ ಹಲಗೆ ಎಳೆದು ಹೊಸದನ್ನು ಕೂರಿಸಬೇಕು. ಕೆಳಗೆ ನಿಂತು ಆಟ ನೋಡುತ್ತಾ, ಗೋಲಾದಾಗ ಗಂಟಲು ಹರಿಯುವ ಹಾಗೆ ಕೂಗಿ ಹೇಳುವವನು ನಾನು, ಅವಳ ತಮ್ಮ.

ಈಗ ತಮಾಷೆ ಕೇಳಿ. ಹಲಗೆ ಕೂತರೆ ಒಳಗೆಲ್ಲ ಕತ್ತಲು, ಇರುವೆ ತೂರುವಷ್ಟೂ ಸಂದಿಯಿಲ್ಲ. ಹಲಗೆ ಬದಲಿಸುವ ಒಂದು ಗಳಿಗೆ ಮಾತ್ರ ಮೈದಾನ ಕಾಣುತ್ತದೆ. ಅಷ್ಟರಲ್ಲಿ ಗೋಲು ಆಗಿಹೋಗಿರುತ್ತದೆ! ಅಕ್ಕನ ತಲೆ ಇಲ್ಲೇ ನರೆಯಿತು, ಒಂದೇ ಒಂದು ಗೋಲನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

ಆ ದಿನ ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್. ನಮ್ಮೂರ ತಂಡದಲ್ಲಿ ಯಾರಿದ್ದರು ಗೊತ್ತೇ? ಅಕ್ಕನ ಮಗಳು!

"ನನ್ನ ಮಗಳು ಗೋಲ್ ಹೊಡೆಯೋದನ್ನ ಒಂದ್ಸಲ ನೋಡ್ಬೇಕು ಕಣೋ. ಇವತ್ತು ನೀನು ಏಣಿ ಹತ್ತು, ನಾನು ಕೆಳಗೆ ನಿಲ್ತೀನಿ," ಅಂದಳು ಅಕ್ಕ.

"ಅಯ್ಯಯ್ಯೋ, ಸ್ಟೂಲ್ ಹತ್ತಿದ್ರೇ ನಂಗೆ ತಲೆ ಸುತ್ತುತ್ತೆ!"

"ನಿನ್ನ ಮೀಸೆಗಿಷ್ಟು ಬೆಂಕಿ ಹಾಕ!" ಅಂತ ಬೈದು ತಾನೇ ಏಣಿ ಹತ್ತಿದಳು. ಬೈಯದೆ ಇನ್ನೇನು ಮಾಡ್ತಾಳೆ, ಪಾಪ.

ಆಟ ಒಂದು-ಒಂದಕ್ಕೆ ಬಂದು ನಿಂತಿತ್ತು. ಇನ್ನೇನು ಮುಗಿಯಬೇಕು, ಸೀಟಿ ಕೇಳಿಸಿತು. ಪೆನಾಲ್ಟಿ! ಅಂದರೆ ಗೋಲ್‌ಕೀಪರ್ ಒಬ್ಬಳ ಎದುರು ಒಂದೇ ಒಂದು ಹೊಡೆತ. ಚೆಂಡಿನ ಮುಂದೆ ಬಂದು ನಿಂತವಳು ನಮ್ಮ ಹುಡುಗಿ!

"ಅಕ್ಕಾ! ನಿನ್ನ ಮಗಳೇ ಹೊಡೀತಾಳೆ ಕಣೇ!"

ಆಟದ ನಡುವೆ ಕಿಂಡಿ ಖಾಲಿ ಬಿಟ್ಟರೆ ಕ್ರೀಡಾಂಗಣದ ಮ್ಯಾನೇಜರ್ ಕೆಂಡವಾಗುತ್ತಾನೆ. ಅಕ್ಕ ಕೇಳಿದರೆ ತಾನೇ? ನಮ್ಮ ತಂಡದ ಒಂದರ ಹಲಗೆಯನ್ನು ಸರ್ರನೆ ಎಳೆದು ಪಕ್ಕಕ್ಕೆಸೆದು, ಕಿಂಡಿಗೆ ಮುಖವಿಟ್ಟಳು.

ಹುಡುಗಿ ಓಡಿ ಬಂದಳು. ಹೊಡೆದಳು. ಗೋಲ್!

ನಮ್ಮಲ್ಲೊಂದು ರೂಢಿಯಿದೆ. ಗೋಲಾದರೆ ಜನರೆಲ್ಲ ಬೋರ್ಡಿನತ್ತ ತಿರುಗಿ ಹೊಸ ಅಂಕಿಯನ್ನು ಒಟ್ಟಿಗೆ ಕೂಗಬೇಕು. ತಿರುಗಿದರು. ಅಂಕಿಯೇ ಇಲ್ಲ! ಕಿಂಡಿ ತುಂಬ ಅಕ್ಕನ ಮುಖ, ಅಳುತ್ತಾ ನಗುತ್ತಾ.

"ಎರಡು ಹಾಕೇ ತಾಯೀ!" ಅಂತ ಕಿರುಚಿದೆ. ಹಲಗೆಯ ನೆನಪು ಯಾರಿಗಿದೆ! ಕಿಂಡಿಯಿಂದ ಒಂದು ಕೈ ಹೊರಬಂತು. ಎರಡು ಬೆರಳು ಎತ್ತಿತು.

"ಎರಡೂ...!" ಕ್ರೀಡಾಂಗಣವೇ ಹಾರಿಹೋಗುವಂತೆ ಕೂಗಿದರು ಜನ. ಬೈಯಲು ಓಡಿಬಂದ ಮ್ಯಾನೇಜರನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ನಮ್ಮ ಹುಡುಗಿ ಗೆಳತಿಯರನ್ನೆಲ್ಲ ಕೊಡವಿಕೊಂಡು ಬೋರ್ಡಿನ ಕೆಳಗೆ ಓಡಿಬಂದಳು.

"ಅಮ್ಮಾ, ನೋಡಿದ್ಯಾ?"

"ನೋಡ್ದೆ ಕಣೇ, ನೋಡ್ದೆ! ನೀನು ಹೊಡೆಯೋಕೆ ಮುಂಚೆಯಿಂದಾನೇ ನೋಡ್ದೆ!"