ಕಿಂಡಿಯಲ್ಲಿ ನೋಡುವ ಜವರಣ್ಣ

ಜವರಣ್ಣ ನನ್ನ ಮೊಮ್ಮಗಳ ಮುಖ ನೋಡುತ್ತಿದ್ದದ್ದು ಒಂದೇ ಕಣ್ಣಿನಲ್ಲಿ. ಬಾಗಿಲನ್ನು ನಾಲ್ಕು ಬೆರಳಷ್ಟು ಸರಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಸಂದಿಗೆ ಹಚ್ಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕಣ್ಣುಗಳು ಎರಡೂ ಚೆನ್ನಾಗಿಯೇ ಇದ್ದವು. ಹುಣಸೂರು, ಪಿರಿಯಾಪಟ್ಟಣದ ಸುತ್ತಿನ ಬ್ಯಾರನ್ನುಗಳಲ್ಲಿ, ಎಂದರೆ ಹೊಗೆಸೊಪ್ಪನ್ನು ಸೌದೆಯ ಕಾವಿನಲ್ಲಿ ಒಣಗಿಸುವ ಮನೆಗಳಲ್ಲಿ, ಮೂವತ್ತೈದು ವರ್ಷ ಸೊಪ್ಪು ಬೇಯಿಸಿದ ಮನುಷ್ಯ. ಒಳಗೆ ನೇತುಬಿಟ್ಟ ಹಸಿ ಎಲೆ ಹಳದಿಗೆ ತಿರುಗಿತೋ ಇಲ್ಲವೋ ಎಂದು ಗೋಡೆಯ ಕಿಂಡಿಯಲ್ಲಿ ನೋಡಿ ನೋಡಿ, ಮುಖ್ಯವಾದದ್ದು ಏನೇ ಇರಲಿ ಒಂದೇ ಕಣ್ಣಿನಲ್ಲಿ ನೋಡುವುದು ಅವರಿಗೆ ಹ್ಯಾಬಿಟ್ ಆಗಿಹೋಗಿತ್ತು. ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹಾಗೇ ನೋಡಿದರಂತೆ. ಮುದುಕ ಕಣ್ಣು ಹೊಡೆದ ಎಂದು ಹುಡುಗಿಯ ಸೋದರಮಾವ ಎದ್ದು ನಿಂತುಬಿಟ್ಟಿದ್ದನಂತೆ. ಇದನ್ನು ನನಗೆ ಹೇಳಿ ನಕ್ಕವಳು ಮುಂದೆ ಅವರ ಸೊಸೆಯಾದ ಆ ಹುಡುಗಿಯೇ.

ಹಿಂದಿನ ಬೀದಿಯಲ್ಲಿ ಮಗ ಸೊಸೆಯ ಜೊತೆಗಿದ್ದ ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಕರಿಬೇವು ಕೇಳಲು. ಆ ದಿನಗಳಲ್ಲಿ ನಮ್ಮದು ಮನೆಯಾಗಿರಲಿಲ್ಲ, ಎಕ್ಸಾಮಿನೇಷನ್ ಹಾಲ್ ಆಗಿತ್ತು. ಕಾಲಿಂಗ್ ಬೆಲ್ಲಿನ ವೈರು ಕಿತ್ತಿದ್ದೆ. ಕುಕ್ಕರ್ ಕೂಗುತ್ತದೆಂದು ಅನ್ನವನ್ನು ಪಾತ್ರೆಯಲ್ಲಿ ಬಸಿಯುತ್ತಿದ್ದೆ. ಗೇಟಿಗೆ ನನ್ನ ಕಾನ್ವೆಂಟ್ ಕರ್ಸಿವ್ ಅಕ್ಷರದಲ್ಲಿ ‘ಸೈಲೆನ್ಸ್ ಪ್ಲೀಸ್’ ಎಂದು ಇಂಗ್ಲಿಷಿನಲ್ಲಿ ಬರೆದು ನೇತುಹಾಕಿದ್ದೆ. ಇಂಗ್ಲಿಷ್ ಬಾರದ ಜವರಣ್ಣ ಅದೇ ಬೋರ್ಡಿನ ಮೇಲೆ ದೊಣ್ಣೆಯಿಂದ ಢಣಢಣ ಬಡಿದು, “ಯಾರವ್ವಾ ಒಳಗೆ!” ಎಂದು ಕೂಗಿದರು.

ಮಗು ಎದ್ದಿತು. ಅದನ್ನು ಮುಕ್ಕಾಲು ಗಂಟೆ ಹೆಗಲ ಮೇಲೆ ತಟ್ಟಿ ಆಗಷ್ಟೇ ಮಲಗಿಸಿದ್ದ ನನ್ನ ಮಗಳು ಅನಿತ ಕೂತಲ್ಲೇ ಅತ್ತಳು.

ಅನಿತ ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಹೆರಿಗೆ ರಜೆ ಮುಗಿಯಲು ಮೂರು ವಾರ ಉಳಿದಿತ್ತು. ಐದು ತಿಂಗಳು ದಾಟಿದ ಚಿನ್ನಿಗೆ ಹಗಲು ಹೊತ್ತು ಅಮ್ಮನ ಹೆಗಲೊಂದೇ ಹಾಸಿಗೆ. ಕೆಳಗೆ ಮಲಗಿಸಿದ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು ಕಿರುಚುತ್ತಿದ್ದಳು. ಹೊತ್ತು ತಿರುಗಲು ನನ್ನ ಸೊಂಟ ಒಪ್ಪುತ್ತಿರಲಿಲ್ಲ. “ಹೀಗೇ ಆದ್ರೆ ನಾನು ರಿಸೈನ್ ಮಾಡ್ತೀನಿ ಬಿಡಮ್ಮಾ,” ಎಂದಿದ್ದಳು ಅನಿತ, ಬಟ್ಟೆ ಮಡಿಸುತ್ತಾ, ಹಗುರವಾಗಿ.

ಆ ಹಗುರ ದನಿ ನನಗೆ ಚೆನ್ನಾಗಿ ಗೊತ್ತು. ಅನಿತ ನಾಲ್ಕು ತಿಂಗಳ ಕೂಸಾಗಿದ್ದಾಗ ನಾನೂ ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದ ಯು.ಕೆ.ಜಿ. ಕ್ಲಾಸನ್ನು ಬಿಟ್ಟದ್ದು ಅದೇ ದನಿಯಲ್ಲಿ. ಮುಂದಿನ ವರ್ಷ ಬರ್ತೀನಿ ಸಿಸ್ಟರ್, ಎಂದಿದ್ದೆ. ಆ ಮುಂದಿನ ವರ್ಷ ಬರಲೇ ಇಲ್ಲ.

ಇದನ್ನೆಲ್ಲ ಕರಿಬೇವು ಕೇಳಲು ಬಂದವರಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

“ಅಲ್ಲ ಕಣ್ರವ್ವ, ಮನೇನ ಆಸ್ಪತ್ರೆ ಮಾಡ್ಕಂಡು ಕುಂತಿದ್ದೀರಲ್ಲ. ಹಗಲೊತ್ತು ಅಂದ್ಮೇಲೆ ಸದ್ದು ಇರಾದೇಯ. ಕಾಗೆ ಬಾಯಿಗೆ ಬಟ್ಟೆ ತುರುಕ್ತೀರಾ?”

“ನಿಮಗೆ ಮಕ್ಕಳ ವಿಷಯ ಏನು ಗೊತ್ತು?” ಎಂದೆ. ನನಗೂ ಸಿಟ್ಟು ಬಂದಿತ್ತು.

“ನಾಕು ಕೂಸು ಸಾಕಿವ್ನಿ. ನಮ್ಮೋಳು ಹಗಲು ಕೂಲಿಗೋಗಳು, ನಾನು ರಾತ್ರಿಯೆಲ್ಲ ಬ್ಯಾರನ್ನಿಗೆ ಸೌದೆ ಆಕೋನು. ಹಗಲಲ್ಲಿ ಕೂಸು ಮನಗಿದ್ರೆ ನಂಗೂ ನಿದ್ದೆ, ಇಲ್ದಿದ್ರೆ ಇಲ್ಲ. ಕಲೀದೆ ಏನ್ಮಾಡನ?”

ಮರುದಿನ ಬೆಳಿಗ್ಗೆಯೇ ಬಂದರು. ಕೈಕಾಲು ತೊಳೆದು, ಒಗೆದ ಟವೆಲ್ ಹೆಗಲಿಗೆ ಹಾಕಿ, ಕುರ್ಚಿ ಎಳೆದು ಕೂತರು. ಎರಡು ದಿನ ಏನೂ ಮಾಡಲಿಲ್ಲ, ಬರೀ ನೋಡಿದರು. ಮೂವತ್ತೈದು ವರ್ಷ ಸೊಪ್ಪು ಬೇಯಿಸಿದವರು ಒಂದು ಬೀಡಿಯನ್ನೂ ಸೇದಿದವರಲ್ಲ; ಬಾಯಾಡಿಸಲು ಕಡಲೆಕಾಯಿ ಮಾತ್ರ. ಅದರ ಸಿಪ್ಪೆಯನ್ನು ಜೇಬಿನಲ್ಲೇ ತುಂಬಿಕೊಳ್ಳುತ್ತಿದ್ದುದರಿಂದ ಎದ್ದು ನಿಂತರೆ ಒಣಗಿದ ಎಲೆಯ ಮೇಲೆ ಯಾರೋ ನಡೆದಂತೆ ಸದ್ದು.

ಗೋಡೆಯ ಮೇಲೆ ನಾನೊಂದು ಟೈಮ್‌ಟೇಬಲ್ ಅಂಟಿಸಿದ್ದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದು ನಿದ್ದೆ, ಮಧ್ಯಾಹ್ನ ಎರಡರಿಂದ ಮೂರೂವರೆ ನಿದ್ದೆ. ಕೆಂಪು ಇಂಕಿನ ಅಂಡರ್‌ಲೈನ್ ಬೇರೆ. ಹತ್ತು ಹೊಡೆದ ತಕ್ಷಣ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗಿ ಮಲಗಿಸುತ್ತಿದ್ದೆ. ಅವಳು ಕಾಲು ಬಡಿಯುತ್ತಿದ್ದಳು. ರಾತ್ರಿಯಾದರೂ ಚೆನ್ನಾಗಿ ಮಲಗಲಿ ಎಂದು ಕೆಲವು ದಿನ ಸಂಜೆಯವರೆಗೂ ಆಡಿಸಿದ್ದೂ ಉಂಟು. ಅಂಥ ರಾತ್ರಿಗಳನ್ನು ನೆನೆಯದಿರುವುದೇ ಒಳ್ಳೆಯದು.

“ಗಡಿಯಾರ ಹತ್ತು ಹೊಡೀತು ಅಂತ ಸೊಪ್ಪು ಹಳದಿ ಆದದಾ? ಹಸಿ ಇದ್ದಾಗ ಉರಿ ಏರಿಸಿದ್ರೆ ಹಸುರಾಗೇ ಉಳ್ಕತದೆ. ಹದ ಮೀರಿದ್ಮೇಲೆ ಏರಿಸಿದ್ರೆ ಕಪ್ಪಗಾಯ್ತದೆ. ಕೂಸೂ ಅಂಗೇಯ. ನಿದ್ದೆ ಬರೋ ಮುಂಚೆ ಮನಗಿಸಿದ್ರೂ ಅಳ್ತದೆ, ಹೊತ್ತು ಮೀರಿದ್ರಂತೂ ಇನ್ನೂ ಅಳ್ತದೆ.”

“ಹಾಗಾದ್ರೆ ಟೈಮ್‌ಟೇಬಲ್ ಹರಿದು ಹಾಕಲಾ?”

“ಯಾಕೆ ಹರೀತೀರಿ? ಗಡಿಯಾರನೂ ಇರಲಿ, ಕಿಂಡೀನೂ ಇರಲಿ. ಎದ್ದು ಎಷ್ಟೊತ್ತಾಯ್ತು ಅಂತ ಗಡಿಯಾರ ಹೇಳ್ತದೆ. ಸಾಕಾಯ್ತು ಅಂತ ಕೂಸೇ ಹೇಳ್ತದೆ.”

ಮೂರನೆಯ ದಿನ ಅವರ ಎಡಗಣ್ಣು ಮುಚ್ಚಿತು. ಚಿನ್ನಿ ಚಾಪೆಯ ಮೇಲೆ ಸ್ಟೀಲ್ ಚಮಚ ಕುಟ್ಟುತ್ತಿದ್ದಳು. ಎದ್ದು ಎರಡು ಗಂಟೆಯಾಗಿರಬಹುದು. ಚಮಚ ಕೈಯಿಂದ ಜಾರಿತು, ಹುಡುಕಲಿಲ್ಲ. ಸುಮ್ಮನೆ ಗೋಡೆ ನೋಡಿದಳು. ಕಿವಿಯ ತುದಿ ಕೆಂಪಗಾಗಿತ್ತು.

“ನೋಡಿ ನೋಡಿ, ಹಳದಿಗೆ ತಿರುಗ್ತು! ಆಕಳಿಕೆ ಬರಾಗಂಟ ಕಾಯ್ಬೇಡಿ. ಎತ್ಕಳಿ.”

ಕೋಣೆಯ ಪರದೆಯನ್ನು ಅರ್ಧ ಎಳೆದೆವು. ಬೆಚ್ಚಗಿರಲೆಂದು ನಾನು ಮಗುವಿನ ಹಾಸಿಗೆಯ ಸುತ್ತ ಇಟ್ಟಿದ್ದ ದಿಂಬುಗಳನ್ನೆಲ್ಲ ಜವರಣ್ಣ ಆಚೆಗೆ ಹಾಕಿಸಿದರು. ಡಾಕ್ಟರೂ ಅದನ್ನೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮಟ್ಟಸವಾದ ಹಾಸಿಗೆಯ ಮೇಲೆ ಅಂಗಾತ, ಕಣ್ಣು ಇನ್ನೂ ತೆರೆದಿರುವಾಗಲೇ ಮಲಗಿಸಿದೆವು. ಅವರು ಎದೆಯ ಮೇಲೆ ಹಗುರವಾಗಿ ಕೈಯಿಟ್ಟು, ತಾವು ಬ್ಯಾರನ್ ಕಾದ ಊರುಗಳ ಹೆಸರು ಹೇಳತೊಡಗಿದರು. ಹಾಡಲು ಬಾರದು, ಬರೀ ಹೆಸರು. ಕಟ್ಟೆಮಳಲವಾಡಿ... ಬೆಟ್ಟದಪುರ... ಹಂಪಾಪುರ... ಅಂತರಸಂತೆ... ಒಂದು ಊರಿನಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ನಿಧಾನ.

ಹೊರಗೆ ಬಂದೆವು. ಒಳಗೆ ಕುಂಯ್ ಎಂದಿತು. ನಾನು ಓಡಿದೆ, ದೊಣ್ಣೆ ಬಾಗಿಲಿಗೆ ಅಡ್ಡ ಬಂತು.

“ತಡ್ಕಳಿ ವಸಿ. ಅದು ಅಳು ಅಲ್ಲ, ಮುಲುಕು. ಸೌದೆನೂ ಹಂಗೇ ಚಿಟಪಟ ಅಂತದೆ. ಪ್ರತಿ ಚಿಟಪಟಕ್ಕೂ ಬಾಗಿಲು ತೆಗೆದ್ರೆ ಬ್ಯಾರನ್ ಬಿಸಿ ನಿಲ್ತದಾ?”

ಸ್ವಲ್ಪ ಹೊತ್ತಿಗೆ ಕುಂಯ್ ಹೋಗಿ ನಿಜವಾದ ಅಳು ಬಂತು. ನನಗಿಂತ ಮೊದಲು ಒಳಗೆ ನುಗ್ಗಿದವರು ಅವರೇ. ಎತ್ತಿ ಎದೆಗೊರಗಿಸಿಕೊಂಡು, “ಇದು ಅಳು ಕಣ್ರವ್ವ. ಇವತ್ತಿಗೆ ಸಾಕು ಬುಡಿ. ಅಳ್ಸಿ ಮನಗಿಸೋದು ನಿದ್ದೆ ಅಲ್ಲ, ಸುಸ್ತು,” ಎಂದರು. ಅನಿತ ನನ್ನ ಮುಖ ನೋಡಿ ಸಪ್ಪಗೆ ನಕ್ಕಳು. ಐ ಟೋಲ್ಡ್ ಯೂ, ಎಂಬ ನಗು ಅದು.

ಆದರೆ ಆರನೆಯ ದಿನ ಚಿನ್ನಿ ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಮಲಗಿದಳು. ಒಂಬತ್ತನೆಯ ದಿನ ಒಂದು ಗಂಟೆ. ನಡುವೆ ಎರಡು ದಿನ ಜಪ್ಪಯ್ಯ ಎಂದರೂ ಮಲಗಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕುಕ್ಕರ್ ಇಟ್ಟೆ. ಮೂರು ಸಲ ಕೂಗಿತು. ಮೂವರೂ ಬಾಗಿಲ ಸಂದಿಗೆ ಮುಖ ಹಚ್ಚಿದೆವು, ಒಬ್ಬರ ತಲೆಯ ಮೇಲೊಬ್ಬರು. ಮಗು ಕದಲಲಿಲ್ಲ. ಅಷ್ಟರಲ್ಲಿ ಕುರ್ಚಿಗೆ ಮರಳಿದ್ದ ಜವರಣ್ಣನಿಂದಲೇ ಗೊರಕೆ ಶುರುವಾಯಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಎಲ್ಲ ಸಲವೂ ಮಲಗಿಸಿದ್ದು ಅವರು, ಇಲ್ಲವೇ ಅನಿತ. ನನ್ನೊಬ್ಬಳ ಕೈಯಲ್ಲಿ ಚಿನ್ನಿ ಒಮ್ಮೆಯೂ ಮಲಗಿರಲಿಲ್ಲ. ರಜೆಯ ಕೊನೆಯ ಭಾನುವಾರ ಸಂಜೆ ಅನಿತ ಲಂಚ್ ಬಾಕ್ಸ್ ತೊಳೆದಿಟ್ಟಳು. ಅದರ ಪಕ್ಕದಲ್ಲೇ ಒಂದು ಬಿಳಿ ಹಾಳೆ ಇತ್ತು. ನಾಳೆ ಮಗು ಮಲಗದಿದ್ದರೆ ಅದರ ಮೇಲೆ ಏನು ಬರೆಯುತ್ತಾಳೆಂದು ನಾನು ಕೇಳಲಿಲ್ಲ.

“ನಾಳೆ ಸ್ವಲ್ಪ ಬೇಗ ಬನ್ನಿ ಜವರಣ್ಣ,” ಎಂದೆ.

“ನಾಳೆ ನಾ ಬರಕಿಲ್ಲ.”

“ಮೈ ಗುಡ್‌ನೆಸ್! ಈಗ ಕೈಬಿಡ್ತೀರಾ?”

“ಒಂದು ಬ್ಯಾರನ್ನಿಗೆ ಇಬ್ರು ಕಾವಲು ಕುಂತ್ರೆ ಇಬ್ರೂ ಮನೀಕತಾರೆ ಕಣ್ರವ್ವ, ಅವನು ನೋಡ್ಕತಾನೆ ಅಂತ. ನಾನಿದ್ರೆ ನೀವು ನನ್ ಮಖ ನೋಡ್ತೀರಿ. ಕೂಸಿನ ಮಖ ನೋಡಿ.”

ಕಡಲೆಕಾಯಿ ಸಿಪ್ಪೆ ಸದ್ದು ಮಾಡಿಕೊಂಡು ಗೇಟು ದಾಟಿದರು. ಸೋಮವಾರ ಬೆಳಿಗ್ಗೆ, ಅನಿತ ಹೊರಡುವ ಮೊದಲೇ, ಮನಸ್ಸು ತಡೆಯದೆ ಹಿಂದಿನ ಬೀದಿಗೆ ಹೋಗಿ ಕೇಳಿದರೆ, ಮಾವ ಫಸ್ಟ್ ಬಸ್ಸಿಗೇ ಹಂಪಾಪುರಕ್ಕೆ ಹೋದರು ಎಂದಳು ಸೊಸೆ. ಅಲ್ಲಿ ಅವರ ಮಗಳಿಗೆ ಅವಳಿ ಮಕ್ಕಳು ಹುಟ್ಟಿದ್ದವಂತೆ. ಅಲ್ಲೇ ಉಳಿದರು. ಮಕ್ಕಳು ನಡೆಯುವಂತಾದ ಮೇಲೆ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ ಎಂಬ ಸುದ್ದಿ ಬಂತು. ಹಾಗಾಗಿ ಆ ಭಾನುವಾರವೇ ನಾನು ಅವರನ್ನು ನೋಡಿದ ಕೊನೆಯ ದಿನ.

ಆ ಸೋಮವಾರ ಹತ್ತೂವರೆಗೆ ಚಿನ್ನಿ ಗೋಡೆ ನೋಡಿದಳು. ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಎತ್ತಿಕೊಂಡು ಹೋಗಿ ಮಲಗಿಸಿ ಎದೆಯ ಮೇಲೆ ಕೈಯಿಟ್ಟೆ. ಊರಿನ ಹೆಸರು ಹೇಳೋಣವೆಂದರೆ ನನಗೆ ಆ ಊರುಗಳು ಯಾವುವೂ ನಡೆದು ಗೊತ್ತಿಲ್ಲ. ಬಾಯಿಗೆ ಬಂದದ್ದು ನನ್ನ ಹಳೆಯ ಕ್ಲಾಸಿನ ಅಟೆಂಡೆನ್ಸ್. ಅಶ್ವಿನಿ... ಬೀನಾ... ಚಂದ್ರಕಲಾ... ಡೇವಿಡ್... ಫಾತಿಮಾ... ಗಿರೀಶ... ಮೂವತ್ತೊಂದು ಮಕ್ಕಳೂ ರಿಜಿಸ್ಟರಿನ ಆರ್ಡರಿನಲ್ಲೇ ಬಂದರು, ಒಬ್ಬರೂ ಆಬ್ಸೆಂಟ್ ಇಲ್ಲ. ಯಮುನಾ ಎನ್ನುವಷ್ಟರಲ್ಲಿ ಚಿನ್ನಿಯ ಉಸಿರು ನಿಧಾನವಾಗಿತ್ತು.

ಸ್ಕೂಲಿನ ಇಂಟರ್‌ವಲ್ಲಿನಲ್ಲಿ ಅನಿತಳ ಫೋನ್ ಬಂತು.

“ಮಲಗಿದ್ಲಾ?”

“ಮಲಗಿದ್ದಾಳೆ.”

“ಜವರಣ್ಣ ಬಂದಿದ್ರಾ?”

“ಇಲ್ಲ. ನಾನೇ.”

ಅತ್ತ ಕಡೆ ಉದ್ದನೆಯ ಬೆಲ್ಲು ಹೊಡೆಯಿತು.

“ಕ್ಲಾಸ್ ಇದೆ ಅಮ್ಮಾ,” ಎಂದಳು ಅನಿತ.

“ಹೋಗು,” ಎಂದೆ. “ಮಕ್ಕಳು ಕಾಯ್ತಿರ್ತಾರೆ.”